ಅರ್ಧ ಇಂಚಿನ ರಿಯಾಯಿತಿ

ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತು, ಎದುರಿನ ಪ್ಲಾಟ್‌ಫಾರ್ಮಿನಲ್ಲಿರುವ ಯಾವ ಹೆಂಗಸಿನ ಸೊಂಟದ ಸುತ್ತಳತೆಯನ್ನಾದರೂ ನಾನು ಕಣ್ಣಳತೆಯಲ್ಲೇ ಹೇಳಬಲ್ಲೆ. ಇದು ಜಂಬವಲ್ಲ, ಹದಿನೇಳು ವರ್ಷ ರವಿಕೆ ಹೊಲಿದ ಕಣ್ಣಿಗೆ ಅಂಟಿಕೊಂಡ ಚಾಳಿ. ಅಂಥ ನಾನು, ಮಗಳು ಹುಟ್ಟಿದ ಮೇಲೆ ಒಂಬತ್ತು ತಿಂಗಳು ನನ್ನದೇ ಸೊಂಟಕ್ಕೆ ಟೇಪು ಹಾಕಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಟೇಪು ಇಡೀ ದಿನ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಕುತ್ತಿಗೆಯಿಂದ ಸೊಂಟಕ್ಕೆ ಎಷ್ಟು ಮಹಾ ದೂರ? ಆದರೂ ಅದು ಅಲ್ಲಿಗೆ ಇಳಿಯಲಿಲ್ಲ, ನಾನು ಇಳಿಸಲಿಲ್ಲ.

ಟೇಪಿನ ಮುಂದೆ ಹೆಂಗಸರು ಹೇಗೆ ನಿಲ್ಲುತ್ತಾರೆ ಎಂದು ನನಗಿಂತ ಚೆನ್ನಾಗಿ ತಿಳಿದವರು ಕಡಿಮೆ. ಟೇಪು ಹತ್ತಿರ ಬಂದದ್ದೇ ತಡ, ಉಸಿರು ಒಳಗೆ, ಭುಜ ಮೇಲಕ್ಕೆ, ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ. ಬ್ಯಾಂಕಿನ ಅಧಿಕಾರಿಯಾಗಲಿ, ಭಾಜಿ-ತರಕಾರಿ ಮಾರುವವಳಾಗಲಿ, ಈ ವಿಷಯದಲ್ಲಿ ಎಲ್ಲರೂ ಒಂದೇ. ಅದಕ್ಕೆ ನನ್ನದೊಂದು ಉಪಾಯವಿದೆ. ಬಾಯಲ್ಲಿ ಅರ್ಧ ಇಂಚು ಕಡಿಮೆ ಹೇಳುತ್ತೇನೆ, ಪುಸ್ತಕದಲ್ಲಿ ಸರಿಯಾದ್ದನ್ನೇ ಬರೆಯುತ್ತೇನೆ. ಎರಡೂ ಬದಿಯ ಹೊಲಿಗೆಯೊಳಗೆ ಮುಂದೆ ಬಿಡಿಸಲು ಒಂದಿಷ್ಟು ಬಟ್ಟೆ ಇಟ್ಟಿರುತ್ತೇನೆ. ಗಿರಾಕಿ ತಾನು ಇಳಿದೆನೆಂದು ಖುಷಿಯಿಂದ ಹೋಗುತ್ತಾಳೆ, ರವಿಕೆ ಮೈಗೆ ಸರಿಯಾಗಿ ಕೂರುತ್ತದೆ, ಹೆಸರು ನನಗೆ ಬರುತ್ತದೆ. ಹೊಲಿಗೆಯಂಗಡಿ ಹಾಕುವ ಯೋಚನೆ ನಿಮಗಿದ್ದರೆ ಈ ಸಲಹೆಯನ್ನು ಪುಕ್ಕಟೆ ಇಟ್ಟುಕೊಳ್ಳಿ. ನಾನಿದನ್ನು ಕಲಿಯಲು ಮೂರು ವರ್ಷ ಬೇಕಾಯಿತು. ಚಾಳಿನ ಒಂದು ಖೋಲಿಯಲ್ಲಿ, ಇನ್ನೊಬ್ಬರು ಬಿಟ್ಟ ಕಾಲ್ಮೆಷಿನ್ನಿನ ಮೇಲೆ, ಸೀರೆಗೆ ಫಾಲ್ ಹಚ್ಚುತ್ತ ಶುರುಮಾಡಿದವಳು ನಾನು. ಈಗ ಸ್ಟೇಷನ್ ಹತ್ತಿರ ಸ್ವಂತದ ಸಣ್ಣ ಅಂಗಡಿಯಿದೆ. ಗಾಜಿನ ಹಿಂದೆ ನಿಲ್ಲಿಸುವ ಬೊಂಬೆಯನ್ನು ಮಾತ್ರ ಇವತ್ತಿನವರೆಗೂ ಕೊಂಡಿಲ್ಲ. ಹೊಸ ಮಾದರಿ ಹೊಲಿದಾಗ ನಾನೇ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನ್ನ ಅಂಗಡಿಗೆ ಬೊಂಬೆಯೂ ನಾನೇ, ಬೋರ್ಡೂ ನಾನೇ.

ಆ ಬೋರ್ಡಿನ ಸ್ಥಿತಿ ನನಗೆ ತಿಳಿದದ್ದು ಲೋಕಲ್ ರೈಲಿನಲ್ಲಿ. ಬೆಳಗಿನ ಹೊತ್ತು ಡೊಂಬಿವಲಿಯಿಂದ ಹೊರಟ ಲೇಡೀಸ್ ಡಬ್ಬಿಯಲ್ಲಿ ಯಾರೂ ಯಾರಿಗೂ ಸೀಟು ಬಿಡುವುದಿಲ್ಲ. ಅಲ್ಲಿ ಕಾಲೇಜು ಹುಡುಗಿಯೊಬ್ಬಳು ನನ್ನ ಹೊಟ್ಟೆ ನೋಡಿ, ಗೌರವದಿಂದ ಎದ್ದು, "ಬೈಠಿಯೇ ಆಂಟಿ, ಸಂಭಾಲ್‌ಕೇ" ಎಂದಳು. ಹೆತ್ತು ಒಂಬತ್ತು ತಿಂಗಳಾಗಿದೆ ಎಂದು ಅವಳಿಗೆ ಹೇಳಬಹುದಿತ್ತು. ಆದರೆ ಸಿಕ್ಕಿದ ಸೀಟನ್ನು ಸ್ವಾಭಿಮಾನಕ್ಕಾಗಿ ಬಿಡುವಷ್ಟು ಪೆದ್ದಿ ನಾನಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಆರನೇ ತಿಂಗಳಿನವಳ ಮುಖ ಮಾಡಿಕೊಂಡು ಥಾಣೆಯವರೆಗೆ ಕೂತೆ.

ಆ ಸಂಜೆ ಅಂಗಡಿಯ ಶಟರ್ ಅರ್ಧ ಎಳೆದು, ಕೊನೆಗೂ ಟೇಪು ಸುತ್ತಿದೆ. ಮೂವತ್ತೆಂಟೂವರೆ. ಮೊದಲು ಮೂವತ್ತನಾಲ್ಕಿತ್ತು. ಉಸಿರು ಎಳೆದುಕೊಂಡು ಇನ್ನೊಮ್ಮೆ ಅಳೆದೆ. ನನ್ನ ಗಿರಾಕಿಗಳ ಸಂಕಟ ನನಗೆ ಅರ್ಥವಾದದ್ದು ಆಗ.

ಮನೆಯಲ್ಲಿ ಗಂಡನನ್ನು ಕೇಳಿದೆ, ನಾನು ದಪ್ಪ ಆಗಿದ್ದೇನಾ ಎಂದು. ಅವರು ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್, ಸಾಂಬಾರಿನ ಬಗ್ಗೆ ಬರುವ ದೂರುಗಳನ್ನು ಇಪ್ಪತ್ತು ವರ್ಷ ಕೇಳಿ ಪಳಗಿದವರು. "ನಿಂಗೆ ಎಂತ ಅನ್ನಿಸ್ತದೆ?" ಎಂದು ಕೇಳಿ ಸ್ನಾನಕ್ಕೆ ಹೋದರು. ಅತ್ತೆ ಅಷ್ಟು ನಾಜೂಕಿನವರಲ್ಲ. ಉಡುಪಿ ಕಡೆಯಿಂದ ನನ್ನ ಬಾಣಂತನಕ್ಕೆಂದು ಬಂದು ಇಲ್ಲೇ ಉಳಿದವರು. ಹೆತ್ತ ಮೂರನೇ ದಿನದಿಂದ ಹಳೆಯ ಹತ್ತಿ ಸೀರೆ ಹರಿದು ನನ್ನ ಹೊಟ್ಟೆಗೆ ಬಿಗಿಯಾಗಿ ಸುತ್ತುತ್ತಿದ್ದರು. ದಸರಾ ಆರ್ಡರುಗಳು ರಾಶಿ ಬಿದ್ದಿವೆಯೆಂದು ನಾನು ಹನ್ನೆರಡನೇ ದಿನ ಅದನ್ನು ಬಿಚ್ಚಿ ಮೆಷಿನ್ನಿನ ಮುಂದೆ ಕೂತಿದ್ದೆ.

"ನಾಲ್ವತ್ತು ದಿವಸ ಕಟ್ಟು ಅಂತ ಹೇಳಿದ್ದಲ್ವಾ ನಾನು? ಕೇಳಿದೆಯಾ? ಈಗ ಕನ್ನಡಿಯ ಹತ್ರ ಜಗಳ ಮಾಡಿ ಎಂತ ಪ್ರಯೋಜನ?"

"ಬಟ್ಟೆ ಕಟ್ಟಿದ್ರೆ ಹೊಟ್ಟೆ ಹೋಗ್ತದಾ ಅತ್ತೆ? ನೀವು ನಾಲ್ಕು ಹೆತ್ತು ನಾಲ್ಕು ಸಲ ಕಟ್ಟಿದ್ದೀರಲ್ಲ, ನಿಮ್ಮದು ಎಲ್ಲಿ ಹೋಗಿದೆ?"

"ನನ್ನದರ ಸುದ್ದಿ ಬೇಡ. ಅದು ವಯಸ್ಸಿನದ್ದು."

ಹಾಗೆ ನೋಡಿದರೆ ನಮ್ಮ ಹಳೆಯ ಕವಿಗಳು ಹೊಟ್ಟೆಯ ಮಡಿಕೆಯನ್ನು ಸೌಂದರ್ಯವೆಂದೇ ಹಾಡಿದ್ದಾರೆ. ತ್ರಿವಳಿ ಎಂಬ ಚಂದದ ಹೆಸರು ಕೊಟ್ಟು, ನಾಯಕಿಯ ಹೊಟ್ಟೆಯ ಮೇಲಿನ ಮೂರು ಗೆರೆಗಳನ್ನು ಹೊಳೆಯ ಅಲೆಗೆ ಹೋಲಿಸಿ, ಮನ್ಮಥ ಹತ್ತಿ ಹೋಗುವ ಮೆಟ್ಟಿಲೆಂದು ಕೊಂಡಾಡಿದರು. ದೇವಸ್ಥಾನದ ಕಂಬಗಳಲ್ಲಿ ನಿಂತ ಕಲ್ಲಿನ ಹೆಂಗಸರಿಗೂ ಆ ಗೆರೆಗಳಿವೆ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಇದನ್ನು ನಮಗೆ ಹುಡುಗಿಯರಿಗೆ ಅರ್ಥ ಬಿಡಿಸಿ ಹೇಳುವಾಗ ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ತಕರಾರು ಇಷ್ಟೇ. ಕವಿಗಳು ಮೂರಕ್ಕೆ ನಿಲ್ಲಿಸಿಬಿಟ್ಟರು. ಮೂರರ ಆಚೆಗೆ ಮುಂದುವರಿದವರ ಬಗ್ಗೆ ಅವರ ಅಭಿಪ್ರಾಯವೇನು ಎಂದು ಎಲ್ಲೂ ಸಿಗುವುದಿಲ್ಲ.

ಕವಿಗಳು ಕೈಬಿಟ್ಟಲ್ಲಿ ಫೋನು ಕೈಹಿಡಿಯಿತು. ಒಂದು ಸಲ ಹುಡುಕಿದ್ದೇ ನೆಪ, ಮರುದಿನದಿಂದ ಅದಕ್ಕೆ ನನ್ನ ಹೊಟ್ಟೆಯ ವಿನಾ ಬೇರೆ ಚಿಂತೆಯೇ ಇರಲಿಲ್ಲ. ಹೆತ್ತ ತಾಯಂದಿರಿಗಾಗಿಯೇ ವಿಶೇಷ ಪ್ಯಾಕೇಜ್, ವಾಶಿಯಲ್ಲಿ ಕ್ಲಿನಿಕ್, ಶನಿವಾರದವರೆಗೆ ರಿಯಾಯಿತಿ. ಓದುತ್ತ ಹೋದಂತೆ ನನಗೆ ಎಂಥ ಹುರುಪು ಬಂತೆಂದರೆ, ಕೈಯಲ್ಲಿದ್ದ ರವಿಕೆಗೆ ತೋಳು ಹಿಂದುಮುಂದು ಹಚ್ಚಿಬಿಟ್ಟೆ. ಯಾಕೆಂದರೆ ಇದು ನನ್ನದೇ ಕಸುಬು. ಒಂದು ಯಂತ್ರ ಬಿಸಿ ಕೊಟ್ಟು ಚರ್ಮ ಬಿಗಿಮಾಡುತ್ತದೆ, ಅಂದರೆ ಇಸ್ತ್ರಿ. ಇನ್ನೊಂದು, ಕೊಬ್ಬನ್ನು ಹಿಡಿದು ತಣ್ಣಗೆ ಮಾಡಿ ಬೇಕಾದಲ್ಲಿ ಕಡಿಮೆ ಮಾಡುತ್ತದೆ, ಅಂದರೆ ಬಟ್ಟೆಯನ್ನು ಒಳಗೆ ಮಡಚಿ ಡಾಟ್ಸ್ ಹಿಡಿಯುವುದು. ಇನ್ನು ಆಪರೇಷನ್ನಿನಲ್ಲಿ ಹೆಚ್ಚಾದ ಚರ್ಮವನ್ನು ಕತ್ತರಿಸಿ, ಕೆಳಗೆಳೆದು ಹೊಲಿದು, ಹೊಕ್ಕುಳಿಗೆ ಹೊಸ ಜಾಗ ಮಾಡಿ ಕೂರಿಸುತ್ತಾರಂತೆ. ಗುಂಡಿಗೆ ಕಾಜಾ ಮಾಡುವುದೆಂದರೆ ಇದೇ ತಾನೆ? ಇಷ್ಟು ವರ್ಷ ನಾನು ಬಟ್ಟೆಯನ್ನು ಮೈಗೆ ಹೊಂದಿಸುತ್ತಿದ್ದೆ. ಮೈಯನ್ನೇ ಬಟ್ಟೆಗೆ ಹೊಂದಿಸುವ ಟೈಲರುಗಳು ವಾಶಿಯಲ್ಲಿ ಕೂತಿದ್ದಾರೆ ಎಂದು ತಿಳಿದರೆ ಯಾರು ಸುಮ್ಮನಿರುತ್ತಾರೆ? ಕತ್ತರಿಯ ಸುದ್ದಿ ಬೇಡ, ತಣ್ಣನೆಯ ಯಂತ್ರವೇ ಸಾಕೆಂದು ನಿರ್ಧರಿಸಿ ಫೋನು ಮಾಡಿದೆ. ಅವರು ಒಂದೇ ಮಾತು ಕೇಳಿದರು. ಮಗುವಿಗೆ ಮೊಲೆಹಾಲು ಕೊಡುತ್ತಿದ್ದೀರಾ? ಕೊಡುತ್ತಿದ್ದರೆ ಈಗ ಮಾಡುವುದಿಲ್ಲ, ಬಿಡಿಸಿದ ಮೇಲೆ ಬನ್ನಿ ಎಂದರು. ನನ್ನ ಮಗಳು ಆ ಹೊತ್ತಿಗೆ ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದಳು. "ಇಲ್ಲ ಇಲ್ಲ, ಯಾವಾಗಲೋ ಬಿಡಿಸಿದೆ" ಎಂದೆ. ಅವಳು ಕುಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಂತಾಯಿತು.

ಚೌಕಾಸಿ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬಳು ಇಷ್ಟಪಡಬೇಕು, ಇನ್ನೊಬ್ಬಳು ಮೂಗು ಮುರಿಯಬೇಕು. ಅಂಗಡಿಯವನ ಗಮನವೆಲ್ಲ ಮೂಗು ಮುರಿದವಳನ್ನು ಒಲಿಸುವುದರಲ್ಲಿರುವಾಗ ಇಷ್ಟಪಟ್ಟವಳು ದರ ಇಳಿಸಬೇಕು. ಈ ಕೆಲಸಕ್ಕೆ ನನಗೆ ಜೊತೆ ರೇಣುಕಾ. ಬಾಗಲಕೋಟೆಯವಳು, ನಮ್ಮದೇ ಮಹಡಿಯಲ್ಲಿದ್ದಾಳೆ, ಗಂಡನಿಗೆ ಕಲ್ಯಾಣದಲ್ಲಿ ಕಿರಾಣಿ ವ್ಯಾಪಾರ. ಅವಳ ಕನ್ನಡಕ್ಕೂ ನನ್ನ ಕನ್ನಡಕ್ಕೂ ಮನೆಯಲ್ಲಿ ದಿನಾ ಜಗಳ. ಉಲ್ಲಾಸನಗರದ ಬಟ್ಟೆಯಂಗಡಿಯ ಮುಂದೆ ನಿಂತರೆ ಮಾತ್ರ ಎರಡೂ ಒಂದಾಗುತ್ತವೆ. ಅಂಗಡಿಯವನ ಮೂಗಿನ ಕೆಳಗೇ ನಿಂತು, ಎಷ್ಟರವರೆಗೆ ಕೊಡಬಹುದು, ಯಾವಾಗ ಎದ್ದು ಹೊರಟಂತೆ ನಟಿಸಬೇಕು ಎಂದು ಕನ್ನಡದಲ್ಲಿ ನಿಶ್ಚಿಂತೆಯಿಂದ ಮಾತಾಡಿಕೊಳ್ಳುತ್ತೇವೆ. ಅವನು ಏನೂ ತಿಳಿಯದೆ ನಗುತ್ತಿರುತ್ತಾನೆ. ಮುಂಬಯಿ ಕಡೆ ಕನ್ನಡಿಗರಾಗಿರುವುದರ ದೊಡ್ಡ ಲಾಭ ಇದೇ ಎಂದು ನಾನು ನಂಬಿದ್ದೆ.

ಮಗಳನ್ನು ಅತ್ತೆಯ ಕೈಯಲ್ಲಿಟ್ಟು, ಅಂಗಡಿಗೆ ದಾರ ತರುವುದಿದೆಯೆಂದು ಹೇಳಿ, ಗುರುವಾರ ಇಬ್ಬರೂ ಹೊರಟೆವು. ಥಾಣೆಯಲ್ಲಿ ರೈಲು ಬದಲಿಸಿದೆವು. ರಬಾಳೆ ಸ್ಟೇಷನ್ ದಾಟುವಾಗ ರೇಣುಕಾಗೆ ಕೊನೆಯ ಪಾಠ ಹೇಳಿದೆ. "ಏನು ತೋರಿಸಿದರೂ ಇಷ್ಟ ಆಗ್ಲಿಲ್ಲ ಅಂತ ಮುಖ ಮಾಡು."

"ಅದಕ್ಕೇನ್ರಿ ಅಕ್ಕಾ, ನಮ್ಮತ್ತಿ ಅಡಗಿ ನೆನೆಸಿಕೊಂಡ್ರ ಆತು," ಎಂದಳು.

ಕ್ಲಿನಿಕ್ಕಿನಲ್ಲಿ ಎಲ್ಲವೂ ಬಿಳಿ. ನಮ್ಮನ್ನು ಕೂರಿಸಿ ಮಾತಾಡಿಸಿದ ಹುಡುಗಿ ಇಪ್ಪತ್ತೈದರ ಆಸುಪಾಸಿನವಳು, ಹೆಸರು ಸ್ನೇಹಾ. ಸೊಂಟ ಇಪ್ಪತ್ತೇಳು ಎಂದು ನನ್ನ ಕಣ್ಣು ತಾನಾಗಿಯೇ ಬರೆದುಕೊಂಡಿತು. ಪಟಪಟ ಹಿಂದಿಯಲ್ಲಿ ಯಂತ್ರ ವರ್ಣಿಸಿ, ತುಂಬಲು ಒಂದು ಫಾರ್ಮು ಕೊಟ್ಟಳು. ನಾಲ್ಕನೇ ಸಾಲಿನಲ್ಲೇ ಇತ್ತು ಆ ಪ್ರಶ್ನೆ.

"ಹಾಲು ಕುಡಿಸ್ತೇನೆ ಅಂತ ಬರೆದ್ರೆ ಮುಂದಕ್ಕೆ ಹಾಕ್ತಾರೆ ಮಾರಾಯ್ತಿ," ಎಂದು ರೇಣುಕಾಗೆ ಕನ್ನಡದಲ್ಲಿ ಹೇಳಿದೆ. "ಆಫರ್ ಶನಿವಾರಕ್ಕೆ ಮುಗೀತದೆ. ಇಲ್ಲ ಅಂತ ಗುರುತು ಹಾಕಿದೆ ನೋಡು."

"ಕೂಸಿಗೆ ಏನರ ಆದ್ರ?"

"ಹೊಟ್ಟೆಯ ಕೊಬ್ಬು ಹೊಟ್ಟೆಯಲ್ಲೇ ಕರಗ್ತದೆ. ಹಾಲಿಗೆ ಹೇಗೆ ಬರ್ತದೆ?"

"ಅದನ್ನ ಡಾಕ್ಟರ್‌ಗೆ ಕೇಳ್ರಿ. ನನಗ ಕೇಳಿದ್ರ ನಾ ಏನ್ ಹೇಳ್ಲಿ?"

"ಅವರನ್ನು ಕೇಳಿದ್ರೆ ಹಾಲು ಕುಡಿಸುವುದು ಗೊತ್ತಾಗ್ತದಲ್ಲ," ಎಂದೆ. ಸ್ನೇಹಾ ನಗುತ್ತ ಫಾರ್ಮು ತೆಗೆದುಕೊಂಡಳು. ಟೇಪು ತಂದು ನನ್ನ ಸೊಂಟ ಅಳೆದು, ಇಡೀ ಕೋಣೆಗೆ ಕೇಳುವಂತೆ, "ಸಾಡೇ ಅಡತೀಸ್" ಎಂದಳು. ಮೂವತ್ತೆಂಟೂವರೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಬೇರೆಯೇ ಅನುಭವ. "ಇವಳಿಗೆ ವ್ಯಾಪಾರ ಗೊತ್ತಿಲ್ಲ," ಎಂದೆ ರೇಣುಕಾಗೆ. "ನಾನಾಗಿದ್ರೆ ಬಾಯಲ್ಲಿ ಅರ್ಧ ಇಂಚು ಕಡಿಮೆ ಹೇಳ್ತಿದ್ದೆ. ಗಿರಾಕಿ ಅಷ್ಟಕ್ಕೇ ಅರ್ಧ ಒಪ್ಪಿರ್ತಾಳೆ. ನಂಗಾದ್ರೂ ಯಾರು ಹಾಗೆ ಹೇಳುವವರು? ರೈಲಿನಲ್ಲಿ ಸೀಟು ಬಿಟ್ಟುಕೊಡ್ತಾರೆ. ಅಂಗಡಿಯ ಬಾಗಿಲಲ್ಲಿ ನಿಲ್ಲದೆ ಒಂಬತ್ತು ತಿಂಗಳಾಯ್ತು ಗೊತ್ತುಂಟಾ?"

ಇಷ್ಟು ಮಾತನ್ನು ನಾನು ರೇಣುಕಾಗೆ ಅದಕ್ಕೆ ಮೊದಲು ಯಾವತ್ತೂ ಹೇಳಿರಲಿಲ್ಲ. ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ ಬಾಯಿ ಸಡಿಲಿಸಿತು.

ಆಮೇಲೆ ಚೌಕಾಸಿ ಶುರುವಾಯಿತು. ಸ್ನೇಹಾ ದರ ಹೇಳಿದಳು, ನಾನು ಅದರ ಅರ್ಧ ಹೇಳಿದೆ. ಮೂಗು ಮುರಿಯಬೇಕಾದ ರೇಣುಕಾ ಅಷ್ಟರಲ್ಲಿ ಗೋಡೆಯ ಚಿತ್ರ ನೋಡಿ ಮನಸೋತಿದ್ದಳು. "ಅಕ್ಕಾ, ಈ ರಟ್ಟಿಗೂ ಏನರ ಐತೇನ ಕೇಳ್ರಿ" ಎಂದು ತೋಳು ಎತ್ತಿ ತೋರಿಸಿದಳು. ಸೇನೆ ಹೀಗೆ ಶತ್ರುಪಕ್ಷ ಸೇರಿದ ಮೇಲೂ ನಾನು ಎದೆಗುಂದಲಿಲ್ಲ. ನನ್ನ ಹೊಟ್ಟೆಯ ಜೊತೆಗೆ ಇವಳ ತೋಳು ಪುಕ್ಕಟೆ ಆಗಬೇಕೆಂದು ಹಟ ಹಿಡಿದೆ. ರೇಣುಕಾಗೆ ಕನ್ನಡದಲ್ಲಿ, ಇಷ್ಟಕ್ಕೆ ಒಪ್ಪಿದರೆ ಕೂತುಬಿಡೋಣ ಎಂದು ನನ್ನ ಕಟ್ಟಕಡೆಯ ಅಂಕಿಯನ್ನೂ ಹೇಳಿದೆ. ಸ್ನೇಹಾ ಒಳಗೆ ಹೋಗಿ ಬಂದು, ಸರಿಯಾಗಿ ಅದೇ ಅಂಕಿಯನ್ನು ಹೇಳಿದಳು, ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು, ಮರುಕ್ಷಣ ಸಂಶಯವೂ ಬಂತು. ಅಷ್ಟು ಕರಾರುವಾಕ್ಕಾಗಿ ಯಾವ ಅಂಗಡಿಯವರೂ ಇಳಿಯುವುದಿಲ್ಲ.

ಸ್ನೇಹಾ ಬಾಗಿಲು ಮುಚ್ಚಿ ಬಂದು ಎದುರು ಕೂತಳು. ಫಾರ್ಮನ್ನು ನನ್ನ ಮುಂದೆ ತಿರುಗಿಸಿ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟಳು.

"ಆಂಟಿ, ಬೇಬಿ ಅಭೀ ಕಿಸ್‌ಕೇ ಪಾಸ್ ಹೈ?"

"ಸಾಸ್ ಕೇ ಪಾಸ್," ಎಂದೆ. ಮಗು ಅತ್ತೆಯ ಹತ್ತಿರವೇ ಇತ್ತಲ್ಲ.

"ಹಾಲಿಗೆ ಅಳೂದಿಲ್ವಾ ಅದು?" ಎಂದಳು, ಕನ್ನಡದಲ್ಲಿ.

ರೇಣುಕಾ ತೋಳು ಇಳಿಸಿದಳು. ನನ್ನ ನೆತ್ತಿಯಿಂದ ಪಾದದವರೆಗೆ ಆ ಯಂತ್ರವನ್ನು ಒಟ್ಟಿಗೇ ಹಚ್ಚಿದಂತೆ ತಣ್ಣಗಾಯಿತು.

"ನಂಗೆ ಕನ್ನಡ ಬರ್ತದೆ. ಅಜ್ಜಿ ಕಾರ್ಕಳದವ್ರು. ಕಾಮೋಠೆಯಲ್ಲಿ ನಮ್ಮ ಘರ್ ಮೇ ಸಬ್ ಕನ್ನಡಾನೇ. ನಾನು ಹಿಂದೀ ಮೇ ಜವಾಬ್ ಕೊಡೂದು, ಬಸ್."

"ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ಲ ಆಂಟಿ. ಔರ್ ಮಜಾ ಭೀ ಆ ರಹಾ ಥಾ." ನಗು ಅಲ್ಲಿಗೆ ನಿಲ್ಲಿಸಿದಳು. "ರೇಟು ಕೊಡ್ತೇನೆ. ಆದ್ರೆ ಈ ಸುಳ್ಳು ಬೇಡ. ಯಾರನ್ನ ಮೋಸ ಮಾಡ್ತೀರಿ ನೀವು? ನಮ್ಮನ್ನಾ, ಬೇಬಿನಾ?"

ಹದಿನೇಳು ವರ್ಷದಲ್ಲಿ ಎಂಥೆಂಥ ವ್ಯಾಪಾರಿಗಳಿಗೆ ನಾನು ಉತ್ತರ ಕೊಟ್ಟಿದ್ದೇನೆ. ಈ ಇಪ್ಪತ್ತೇಳು ಇಂಚಿನ ಹುಡುಗಿಯ ಮುಂದೆ ಮಾತ್ರ ಕೈ ಚಾಚಿದೆ. ಪೆನ್ನು ಇಸಿದುಕೊಂಡು ನನ್ನ ಗುರುತನ್ನು ನಾನೇ ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ರಿಯಾಯಿತಿಯ ಅವಸರದಲ್ಲಿ ನಾನು ಪಣಕ್ಕಿಟ್ಟದ್ದು ನನ್ನ ಹೊಟ್ಟೆಯನ್ನಲ್ಲ, ಮಗಳ ಹೊಟ್ಟೆಯನ್ನು ಎಂದು ಆಗ ಹೊಳೆಯಿತು. ನೀವೂ ಇಂಥ ಕಡೆ ಹೋಗುವುದಾದರೆ, ದರದಲ್ಲಿ ಎಷ್ಟು ಬೇಕಾದರೂ ಜಗ್ಗಾಡಿ, ಫಾರ್ಮಿನಲ್ಲಿ ಮಾತ್ರ ಜಗ್ಗಾಡಬೇಡಿ.

ಸ್ನೇಹಾ ನನ್ನನ್ನು ಡಾಕ್ಟರ ಕೋಣೆಗೆ ಕರೆದೊಯ್ದಳು. ಅವರು ಹಿರಿಯ ಮರಾಠಿ ಹೆಂಗಸು. ಅಂಗಾತ ಮಲಗಿಸಿ, ತಲೆ ಮಾತ್ರ ಸ್ವಲ್ಪ ಎತ್ತಲು ಹೇಳಿ, ಹೊಟ್ಟೆಯ ನಡುವೆ ಬೆರಳು ಒತ್ತಿ ನೋಡಿದರು. ಬಸುರಿನಲ್ಲಿ ಒಳಗಿನ ಸ್ನಾಯುಗಳು ಎರಡು ಬದಿಗೆ ಸರಿದದ್ದು ಇನ್ನೂ ಕೂಡಿಲ್ಲ, ಮೇಲಿನ ಕೊಬ್ಬು ತೆಗೆದರೂ ಹೊಟ್ಟೆ ಮುಂದೆಯೇ ಇರುತ್ತದೆ ಎಂದರು.

"ಅಂದರೆ ಒಳಗಿನ ಲೈನಿಂಗ್ ಹೊಲಿಗೆ ಬಿಟ್ಟಿದೆ, ಮೇಲೆ ಇಸ್ತ್ರಿ ಹಾಕಿ ಪ್ರಯೋಜನವಿಲ್ಲ, ಅಲ್ಲವೇ?" ಎಂದು ನನ್ನ ಮರಾಠಿಯಲ್ಲಿ ಕೇಳಿದೆ. ಇಷ್ಟು ಬೇಗ ಯಾರಿಗೂ ಅರ್ಥವಾಗಿಲ್ಲ ಎಂದು ಅವರು ನಕ್ಕರು. ವ್ಯಾಯಾಮ ಕಲಿಸುವವರ ಬಳಿ ಕಳಿಸಿದರು. ಲೈನಿಂಗ್ ಕೂಡಲಿ, ಮಗು ಹಾಲು ಬಿಡಲಿ, ಆಮೇಲೂ ಬೇಕೆನಿಸಿದರೆ ಬನ್ನಿ ಎಂದರು.

ನಾನು ಬೇಸರದಿಂದ ಮರಳಿದೆ ಎಂದು ನೀವು ತಿಳಿದರೆ ನನ್ನನ್ನು ಇನ್ನೂ ಅರಿತಿಲ್ಲ. ಒಪ್ಪಿದ ದರ ಒಪ್ಪಿದ್ದೇ. ಅದೇ ದರ ಒಂದು ವರ್ಷದವರೆಗೆ ನಡೆಯುತ್ತದೆಂದು, ರೇಣುಕಾಳ ತೋಳು ಸೇರಿಸಿ, ಕ್ಲಿನಿಕ್ಕಿನ ಮೊಹರು ಒತ್ತಿಸಿ ಬರೆಸಿಕೊಂಡೇ ಎದ್ದೆ. ಆ ಕಾಗದ ಈಗ ನನ್ನ ಮೆಷಿನ್ನಿನ ಡ್ರಾಯರಿನಲ್ಲಿದೆ. ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ಹೋಗಿಯೇ ಹೋಗುತ್ತೇನೆ, ಅದರಲ್ಲಿ ಸಂಶಯವಿಲ್ಲ.

ದಾರದ ಸುಳ್ಳು ಮಾತ್ರ ಮನೆಯಲ್ಲಿ ನಿಲ್ಲಲಿಲ್ಲ. ದಾರ ತರುವುದನ್ನೇ ಮರೆತಿದ್ದೆ. ಅತ್ತೆಗೆ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಅವರು ಕೇಳಿದ್ದು ಇಷ್ಟೇ. "ಆ ಹುಡುಗಿ ಕಾರ್ಕಳದಲ್ಲಿ ಯಾರ ಮನೆಯವಳು?" ಈಗ ಬೆಳಿಗ್ಗೆ ನಾನು ಚಾಪೆಯ ಮೇಲೆ ಮಲಗಿ ಉಸಿರು ಬಿಡುತ್ತ ಹೊಟ್ಟೆ ಬಿಗಿಹಿಡಿಯುವಾಗ ಅತ್ತೆಯೇ ಕೂತು ಎಣಿಸುತ್ತಾರೆ. ಎಂಟಕ್ಕೆ ನಿಲ್ಲಿಸಬೇಕಾದ್ದನ್ನು ಹತ್ತರವರೆಗೆ ಎಳೆಯುತ್ತಾರೆ, ಹನ್ನೆರಡನೇ ದಿನಕ್ಕೇ ಸೀರೆಯ ಕಟ್ಟು ಬಿಚ್ಚಿದ ದ್ವೇಷ ಇನ್ನೂ ಆರಿಲ್ಲ. ಮಗಳು ನನ್ನ ಹೊಟ್ಟೆಯನ್ನು ಹತ್ತಿ ಇಳಿಯುತ್ತಾಳೆ. ಮೆಟ್ಟಿಲೆಂದು ಹಾಡಿದ ಕವಿಗಳ ಮಾತು ಅಷ್ಟರಮಟ್ಟಿಗೆ ಸುಳ್ಳಲ್ಲ.

ಹೋದ ಭಾನುವಾರ, ಫಾರ್ಮಿನಲ್ಲಿದ್ದ ವಿಳಾಸ ಹಿಡಿದು ಬಂದು, ಅಂಗಡಿಯ ಬಾಗಿಲಲ್ಲಿ ಸ್ನೇಹಾ ನಿಂತಿದ್ದಳು, ಕೈಯಲ್ಲಿ ಹಸಿರು ಸೀರೆ. ಗೆಳತಿಯ ಮದುವೆಗೆ ರವಿಕೆ ಆಗಬೇಕಂತೆ. "ಆಂಟಿ, ಮಾರ್ಜಿನ್ ಇಡಿ ಒಳಗೆ," ಎಂದಳು. ನಾನು ಟೇಪು ತೆಗೆದೆ. ನೋಡುತ್ತೇನೆ, ದಿನವಿಡೀ ಇತರರ ಹೊಟ್ಟೆ ಅಳೆಯುವ ಆ ಹುಡುಗಿ, ಉಸಿರು ಒಳಗೆಳೆದು, ಭುಜ ಎತ್ತಿ, ಕಣ್ಣನ್ನು ಕ್ಯಾಲೆಂಡರಿಗೆ ನೆಟ್ಟು ನಿಂತಿದ್ದಾಳೆ.

"ಉಸಿರು ಬಿಡು ಮಗಾ," ಎಂದೆ. "ನಿಂಗೂ ಬೇಕಾ ಇದು?" ಇಪ್ಪತ್ತೇಳೇ ಇತ್ತು. ಇಪ್ಪತ್ತಾರೂವರೆ ಎಂದು ಗಟ್ಟಿಯಾಗಿ ಹೇಳಿ, ಪುಸ್ತಕದಲ್ಲಿ ಇಪ್ಪತ್ತೇಳು ಬರೆದೆ. ಅವಳು ಪುಸ್ತಕವನ್ನೂ ನೋಡಿದಳು, ನನ್ನನ್ನೂ ನೋಡಿದಳು. ನನ್ನ ಕುತ್ತಿಗೆಯಿಂದ ಟೇಪು ಎಳೆದುಕೊಂಡು, "ಈಗ ನಿಮ್ದು," ಎಂದು ನನ್ನ ಸೊಂಟಕ್ಕೆ ಸುತ್ತಿದಳು.

"ಅಡತೀಸ್," ಎಂದಳು, ಇಡೀ ಅಂಗಡಿಗೆ ಕೇಳುವಂತೆ.

ಮೂವತ್ತೆಂಟಂತೆ. ಆ ಬೆಳಿಗ್ಗೆಯೇ ನಾನು ಅಳೆದು ನೋಡಿದ್ದೆ. ಮೂವತ್ತೆಂಟೂವರೆಯಿತ್ತು, ಇವತ್ತಿಗೂ ಅಷ್ಟೇ ಇದೆ. ಆದರೂ ಹೇಳುತ್ತೇನೆ, ಇನ್ನೊಬ್ಬರು ಹೇಳಿದ ಅಂಕಿಯನ್ನು ಒಂದು ಮಾತೂ ಜಗ್ಗದೆ ನಾನು ಒಪ್ಪಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಹೊಸ ಕಸೂತಿಯ ರವಿಕೆ ಹಾಕಿಕೊಂಡು ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತೆ.